ಕಿವಿ ಹಿಂಡುವ ಮೊದಲು

ಮಳೆಗಾಲದ ಒಂದು ಭಾನುವಾರ ಸಂಜೆ, ಬೆಳಗಾವಿಯ ಟಿಳಕವಾಡಿಯಲ್ಲಿ ಒಂದು ಸಂಗೀತ ಶಾಲೆಯ ಮಾಳಿಗೆ ಮೇಲೆ ಆಡಿದ ಮಾತಿದು. ಅವತ್ತು ಎರಡು ಸಲ ಕರೆಂಟ್ ಹೋಯಿತು, ನಡುವೆ ಚಹಾ ಬಂತು, ಪ್ರಶ್ನೆಗಳು ಎಲ್ಲೆಲ್ಲಿಗೋ ಎಳೆದವು. ಬರೆಯುವಾಗ ಅಷ್ಟಿಷ್ಟು ಸರಿ ಮಾಡಿದ್ದೇನೆ. ಪೂರ್ತಿ ಇಸ್ತ್ರಿ ಹೊಡೆದಿಲ್ಲ.

ಎಲ್ಲರಿಗೂ ನಮಸ್ಕಾರ. ಈ ಮಳೆಯಲ್ಲಿ ಇಷ್ಟು ಜನ ಬರುತ್ತೀರಿ ಅಂತ ಅಂದುಕೊಂಡಿರಲಿಲ್ಲ. ಅದೂ ಬೇಸ್ ಗಿಟಾರಿನ ತಲೆಯ ಮೇಲಿನ ನಾಲ್ಕು ತಿರುಪುಗಳ ಬಗ್ಗೆ ಕೇಳಲಿಕ್ಕೆ! ಹಿಂದಿನ ಸಾಲಿನಲ್ಲಿ ಹಾರ್ಮೋನಿಯಂ ರಿಪೇರಿ ಮಾಡುವ ಕಾಕಾ ಕೂತಿದ್ದಾರೆ. ಅವರನ್ನು ನೋಡಿದರೆ ನನಗೆ ಈಗಲೂ ಸ್ವಲ್ಪ ಅಂಜಿಕೆ.

ನನ್ನ ಬಗ್ಗೆ ಎರಡೇ ಮಾತು. ಹಗಲು ಉದ್ಯಮಬಾಗದ ಒಂದು ಮಷಿನ್ ಶಾಪಿನಲ್ಲಿ ಲೇಥ್ ಮುಂದೆ ನಿಲ್ಲುತ್ತೇನೆ. ಗಣಪತಿ ಹಬ್ಬ ಮತ್ತು ಮದುವೆ ಸೀಸನ್ ಬಂದರೆ ರಾತ್ರಿ ಆರ್ಕೆಸ್ಟ್ರಾದಲ್ಲಿ ಬೇಸ್ ನುಡಿಸುತ್ತೇನೆ. ಹಗಲಿನ ಕೆಲಸವೂ ರಾತ್ರಿಯ ಕೆಲಸವೂ ಒಂದೇ ಕಡೆ ಕೂಡುವ ಜಾಗ ಈ ಕೀ, ಅಂದರೆ ತಂತಿಯ ಶ್ರುತಿ ಏರಿಸಿ ಇಳಿಸುವ ತಿರುಪು. ಅದಕ್ಕೇ ಈ ವಿಷಯ ಹಿಡಿದೆ.

ಶುರು ಮಾಡುವ ಮೊದಲು ಒಂದು ಕೆಲಸ. ಈ ತಮ್ಮ ತನ್ನ ಬೇಸ್ ತಂದಿದ್ದಾನೆ. "ಅಣ್ಣಾ, ಇ ಸ್ಟ್ರಿಂಗ್ ದಿನಾ ಇಳೀತೈತ್ರಿ, ಕೀ ಸ್ಲಿಪ್ ಆಗ್ತೈತಿ" ಅನ್ನುತ್ತಾನೆ. ಬೇಸಿನ ನಾಲ್ಕು ತಂತಿಗಳಿಗೆ ಇ, ಎ, ಡಿ, ಜಿ ಅಂತ ಹೆಸರು, ಇ ಎಲ್ಲಕ್ಕಿಂತ ದಪ್ಪನೆಯದು. ಈಗ ಅದನ್ನು ಶ್ರುತಿ ಮಾಡುತ್ತೇನೆ. ನೋಡಿ, ಮಾರ್ಕರ್ ಪೆನ್ನಿನಿಂದ ಎರಡು ಗೆರೆ ಎಳೆದೆ. ಒಂದು ಗೆರೆ ಹಿಂದುಗಡೆ ಗೇರಿನಿಂದ ಪ್ಲೇಟಿನ ಮೇಲೆ ಹಾಯುತ್ತದೆ. ಇನ್ನೊಂದು ತಂತಿಯ ಮೇಲೆ, ಅದು ಸುತ್ತಿಕೊಂಡ ಕಂಬವನ್ನು ಬಿಡುವ ಜಾಗದಲ್ಲಿ. ಮಷಿನ್ ಶಾಪಿನವರಿಗೆ ಇದು ಹೊಸದಲ್ಲ. ನಟ್ ಬಿಗಿ ಮಾಡಿದ ಮೇಲೆ ಬಣ್ಣದ ಗೆರೆ ಎಳೆದಿರುತ್ತೇವೆ. ಗೆರೆ ಮುರಿದಿದ್ದರೆ ನಟ್ ಸರಿದಿದೆ. ಅಷ್ಟೇ ಉಪಾಯ. ಚಹಾ ಹೊತ್ತಿನಲ್ಲಿ ಯಾರಾದರೂ ಇದನ್ನು ಜೋರಾಗಿ ನುಡಿಸಿ. ಕೊನೆಗೆ ನೋಡೋಣ.

ಈಗ ಹೆಸರಿನ ಗೊಂದಲ. ಹುಡುಗರು ಇದಕ್ಕೆ ಟ್ಯೂನರ್ ಅನ್ನುತ್ತಾರೆ. ಗಿಟಾರಿನ ತಲೆಗೆ ಸಿಕ್ಕಿಸುವ, ಹಸಿರು ದೀಪ ತೋರಿಸುವ ಕ್ಲಿಪ್ಪಿಗೂ ಟ್ಯೂನರ್ ಅನ್ನುತ್ತಾರೆ. "ಟ್ಯೂನರ್ ಕೆಟ್ಟೈತಿ" ಅಂತ ಫೋನ್ ಬಂದರೆ ಸೆಲ್ ಬದಲಿಸು ಅನ್ನಬೇಕೋ, ಸ್ಕ್ರೂಡ್ರೈವರ್ ತಗೋ ಅನ್ನಬೇಕೋ ತಿಳಿಯುವುದಿಲ್ಲ. ವೀಣೆಯವರಿಗೆ ಇದು ಬಿರಡೆ, ನಮ್ಮ ಕಡೆ ತಂಬೂರಿಯವರಿಗೆ ಖುಂಟಿ, ಕ್ಯಾಟಲಾಗಿನಲ್ಲಿ ಮಷಿನ್ ಹೆಡ್. ಆರ್ಕೆಸ್ಟ್ರಾದವರು ಕೀ ಅನ್ನುತ್ತೇವೆ, ನಾನೂ ಹಾಗೇ ಅನ್ನುತ್ತೇನೆ. ತಂತಿ ಸುತ್ತುವುದು ಕಂಬ. ಕಂಬ ಮರದ ಮುಂಬದಿಯಲ್ಲಿ ಹೊರಗೆ ಬರುವ ಕಡೆ ಇರುವ ಬಳೆ ಬುಷ್. ಬೆರಳಿಗೆ ಸಿಗುವ ಅಗಲದ ಭಾಗ ಕಿವಿ. ಬೇಸಿನದು ಆನೆ ಕಿವಿ. ಲಿಯೋ ಫೆಂಡರ್ 1951ರಲ್ಲಿ ಪ್ರಿಸಿಷನ್ ಬೇಸ್ ತಂದರು. ಆ ಹಳೆಯ ಬೇಸ್‌ಗಳ ದೊಡ್ಡ ಕಿವಿಯನ್ನೇ ಇವತ್ತಿಗೂ ಎಷ್ಟೋ ಕಂಪನಿಗಳು ನಕಲು ಮಾಡುತ್ತವೆ.

ಬೆಳಗಾವಿಯಲ್ಲಿ ಕಿವಿ ಹಿಂಡುವುದು ಅಂದರೆ ಎರಡು ಅರ್ಥ. ಒಂದು ಮಾಸ್ತರರ ಕೆಲಸ, ಇನ್ನೊಂದು ತಂಬೂರಿಯವರ ಕೆಲಸ. ಕುಮಾರ ಗಂಧರ್ವರು 1924ರಲ್ಲಿ ಹುಟ್ಟಿದ ಸುಳೇಭಾವಿ ಇಲ್ಲೇ ಪಕ್ಕದಲ್ಲಿದೆ. ಈ ಊರಿನವರಿಗೆ ತಂಬೂರಿಯ ಶ್ರುತಿ ಏನಂತ ನಾನು ಹೇಳಬೇಕಿಲ್ಲ. ಅದರ ಖುಂಟಿ ಮರದ ಗೂಟ. ತುದಿಗೆ ಹೋಗುತ್ತಾ ಸಣ್ಣದಾಗುತ್ತದೆ, ತೂತೂ ಅದೇ ಆಕಾರದ್ದು. ಒತ್ತಿ ತಿರುಗಿಸಿದರೆ ಮರಕ್ಕೆ ಮರ ಕಚ್ಚಿ ನಿಲ್ಲುತ್ತದೆ. ಜಾರಿದರೆ ಚಾಕ್ ಹಚ್ಚುತ್ತಾರೆ. ಅಲ್ಲಿ ಜಾರುವುದು ಸಹಜ, ಜಾರದಂತೆ ನೋಡಿಕೊಳ್ಳುವುದೇ ವಿದ್ಯೆ.

ಬೇಸಿನಲ್ಲಿ ಆ ಲೆಕ್ಕ ನಡೆಯುವುದಿಲ್ಲ. ಒಂದೊಂದು ತಂತಿ ಸುಮಾರು 16ರಿಂದ 23 ಕಿಲೋದಷ್ಟು ಎಳೆಯುತ್ತದೆ. ನಾಲ್ಕೂ ಕೂಡಿದರೆ 75 ಕಿಲೋ ಆಸುಪಾಸು, ಅಂದರೆ ಒಂದೂವರೆ ಸಿಮೆಂಟ್ ಚೀಲ. ಇಷ್ಟನ್ನು ಹಗಲೂ ರಾತ್ರಿ ಹಿಡಿದುಕೊಂಡು ನಿಲ್ಲಬೇಕು, ಬೆರಳಿಗೆ ಮಾತ್ರ ಹಗುರಾಗಿ ತಿರುಗಬೇಕು. ಅದಕ್ಕೆ ವರ್ಮ್ ಗೇರ್.

ವರ್ಮ್ ಗೇರ್ ತೋರಿಸಲಿಕ್ಕೆ ನಾನು ಏನು ತಂದಿದ್ದೇನೆ ನೋಡಿ. ಹೋಸ್ ಕ್ಲಿಪ್. ಪಂಪಿನ ಪೈಪಿಗೆ ಹಾಕುತ್ತೇವಲ್ಲ, ಅದೇ. ಹೊಲ ಇದ್ದವರು ಎಲ್ಲರೂ ಮುಟ್ಟಿದ್ದೀರಿ. ಸ್ಕ್ರೂ ತಿರುಗಿಸಿದರೆ ಪಟ್ಟಿ ಸರಿದು ಬಿಗಿಯಾಗುತ್ತದೆ. ಈಗ ಪಟ್ಟಿ ಹಿಡಿದು ಎಳೆಯಿರಿ. ನೀವು ಬನ್ನಿ, ನಿಮ್ಮ ತೋಳು ಚೆನ್ನಾಗಿದೆ. ಎಳೆಯಿರಿ. ಇನ್ನೂ ಜೋರಾಗಿ. ಸ್ಕ್ರೂ ತಿರುಗಿತಾ? ಇಲ್ಲ. ಪಟ್ಟಿ ಹರಿದೀತೇ ಹೊರತು ಸ್ಕ್ರೂ ತಿರುಗುವುದಿಲ್ಲ. ಸ್ಕ್ರೂ ಪಟ್ಟಿಯನ್ನು ನಡೆಸಬಹುದು, ಪಟ್ಟಿ ಸ್ಕ್ರೂವನ್ನು ನಡೆಸಲಾರದು. ಸ್ಕ್ರೂವಿನ ಎಳೆ, ಅಂದರೆ ಥ್ರೆಡ್, ತುಂಬಾ ಕಡಿಮೆ ಓರೆ ಇರುವುದರಿಂದ ಉಜ್ಜುವಿಕೆಯೇ ಅದನ್ನು ಕಟ್ಟಿಹಾಕುತ್ತದೆ.

ಕೀ ಕೂಡ ಇದೇ. ಕಿವಿಗೆ ಅಂಟಿಕೊಂಡ ದಂಡದ ಮೇಲೆ ವರ್ಮ್, ಅಂದರೆ ಆ ಸ್ಕ್ರೂ ಥರದ ಭಾಗ ಇದೆ. ಕಂಬದ ಬುಡದಲ್ಲಿ ಹಲ್ಲಿನ ಚಕ್ರ ಇದೆ. ಬೇಸಿನಲ್ಲಿ ಸಾಮಾನ್ಯವಾಗಿ ಕಿವಿ 20 ಸುತ್ತು ತಿರುಗಿದರೆ ಕಂಬ ಒಂದು ಸುತ್ತು. ಕಂಬ ಅರ್ಧ ಇಂಚು ದಪ್ಪ ಅಂತ ಹಿಡಿಯಿರಿ. ಅದರ ಸುತ್ತಳತೆ 40 ಮಿಲಿಮೀಟರ್. ಅಂದರೆ ಕಿವಿಯ ಒಂದು ಪೂರ್ತಿ ಸುತ್ತಿಗೆ ತಂತಿ ಸರಿಯುವುದು ಬರೀ 2 ಮಿಲಿಮೀಟರ್. ಅಷ್ಟು ನಾಜೂಕು, ಅಷ್ಟೇ ಗಟ್ಟಿ.

ಹಾಗಾಗಿ ಯಾರಾದರೂ "ಕೀ ತಾನೇ ಹಿಂದಕ್ಕೆ ತಿರುಗುತ್ತದೆ" ಅಂದರೆ ನಾನು ಸುಲಭಕ್ಕೆ ನಂಬುವುದಿಲ್ಲ. ಹಲ್ಲು ಮುರಿದಿರಬೇಕು, ಇಲ್ಲವೇ ಚಕ್ರವನ್ನು ಕಂಬಕ್ಕೆ ಹಿಡಿದ ಸ್ಕ್ರೂ ಬಿಚ್ಚಿಕೊಂಡಿರಬೇಕು. ಇವೆರಡೂ ಕಣ್ಣಿಗೆ ಕಾಣುತ್ತವೆ, ಕೈಗೆ ಸಿಗುತ್ತವೆ. ಎರಡೂ ಇಲ್ಲ ಅಂದರೆ ಕಳ್ಳ ಬೇರೆ ಕಡೆ ಇದ್ದಾನೆ. ನನ್ನ ಹತ್ತಿರ "ಕೀ ಹೋಗಿದೆ" ಅಂತ ಬರುವ ಬೇಸುಗಳಲ್ಲಿ ನಿಜವಾಗಿ ಕೀ ಹೋಗಿರುವುದು ಬಹಳ ಕಡಿಮೆ. ಆದರೂ ಎಲ್ಲರೂ ಮೊದಲು ಬೈಯುವುದು ಕೀಯನ್ನೇ, ಯಾಕೆಂದರೆ ಶ್ರುತಿ ಇಳಿದಾಗ ನಾವು ಮುಟ್ಟುವುದು ಅದನ್ನೇ.

ಕಳ್ಳ ಎಲ್ಲಿದ್ದಾನೆ? ಬಹಳ ಸಲ ತಂತಿ ಸುತ್ತಿದ ರೀತಿಯಲ್ಲಿ. ಬೇಸಿನ ಕಂಬದ ತಲೆಯಲ್ಲಿ ಒಂದು ಸೀಳು ಇರುತ್ತದೆ, ಸೀಳಿನ ನಡುವೆ ಕೆಳಗಿಳಿಯುವ ತೂತು. ತಂತಿಯ ತುದಿಯನ್ನು ಆ ತೂತಿನೊಳಗೆ ಇಳಿಸಬೇಕು, ಸೀಳಿನಲ್ಲಿ ಮಡಚಬೇಕು, ಆಮೇಲೆ ಮೇಲಿನಿಂದ ಕೆಳಕ್ಕೆ ಎರಡರಿಂದ ಮೂರು ಸುತ್ತು ಬರಬೇಕು. ಒಂದರ ಮೇಲೊಂದು ಹತ್ತಬಾರದು, ಬಾವಿಯ ರಾಟೆಗೆ ಹಗ್ಗ ಸುತ್ತಿದ ಹಾಗೆ ಪಕ್ಕಪಕ್ಕ ಕೂರಬೇಕು. ಕೆಳಕ್ಕೆ ಯಾಕೆ ಅಂದರೆ ತಂತಿ ನಟ್ಟಿನ ಮೇಲೆ ಚೆನ್ನಾಗಿ ಒತ್ತಿ ಕೂರುತ್ತದೆ. ನಟ್ ಅಂದರೆ ಫ್ರೆಟ್‌ಬೋರ್ಡ್ (ಬೆರಳು ಒತ್ತುವ, ಫ್ರೆಟ್ ಅನ್ನುವ ಲೋಹದ ಅಡ್ಡಪಟ್ಟಿಗಳಿರುವ ಹಲಗೆ) ಶುರುವಾಗುವಲ್ಲಿ ಇರುವ ಮೂಳೆಯ ಅಥವಾ ಪ್ಲಾಸ್ಟಿಕ್ಕಿನ ಪಟ್ಟಿ. ಪಾನಾ ಹಾಕುವ ನಟ್ ಬೇರೆ. ಈ ಭಾಷೆಯಲ್ಲಿ ಗೊಂದಲ ಮುಗಿಯುವುದೇ ಇಲ್ಲ, ಅಲ್ವಾ?

ತಂತಿ ಕತ್ತರಿಸುವ ಮುಂಚೆ ಕಂಬದಿಂದ ಅರ್ಧ ಗೇಣಿನಷ್ಟು, ಹತ್ತು ಹನ್ನೆರಡು ಸೆಂಟಿಮೀಟರ್ ಉದ್ದ ಉಳಿಸಿಕೊಳ್ಳಿ. ಮತ್ತು ಮೊದಲು ಮಡಚಿ, ಆಮೇಲೆ ಕತ್ತರಿಸಿ. ಬೇಸಿನ ತಂತಿ ಅಂದರೆ ಒಳಗೆ ಒಂದು ಉಕ್ಕಿನ ಎಳೆ, ಅದರ ಸುತ್ತ ಬಿಗಿಯಾಗಿ ಸುತ್ತಿದ ಇನ್ನೊಂದು ಎಳೆ. ಮಡಚದೆ ಕತ್ತರಿಸಿದರೆ ಹೊರಗಿನ ಸುತ್ತು ಸಡಿಲಾಗಬಹುದು. ಅಲ್ಲಿಗೆ ಹೊಸ ತಂತಿಯೇ ಸತ್ತ ಹಾಗೆ ಡಬ್ ಡಬ್ ಅನ್ನುತ್ತದೆ. ಅದರ ಬೆಲೆ ನಿಮಗೆ ಗೊತ್ತು.

ಎರಡನೇ ಕಳ್ಳ ನಟ್ಟಿನ ಸೀಳು. ಕಿವಿ ತಿರುಗಿಸುವಾಗ ಏನೂ ಆಗದೆ, ಆಮೇಲೆ ಒಮ್ಮೆಲೇ "ಟಿಂಗ್" ಅಂತ ಜಿಗಿದರೆ ತಂತಿ ಸೀಳಿನಲ್ಲಿ ಸಿಕ್ಕಿಕೊಂಡಿದೆ ಅಂತ ಅರ್ಥ. ಪೆನ್ಸಿಲ್ ತುದಿಯನ್ನು ಆ ಸೀಳಿನಲ್ಲಿ ತಿಕ್ಕಿ. ಗ್ರಾಫೈಟ್ ಒಣ ಎಣ್ಣೆಯ ಕೆಲಸ ಮಾಡುತ್ತದೆ. ಮೂರನೆಯದು ಬಿಸಿ. ತಣ್ಣನೆಯ ಕೋಣೆಯಲ್ಲಿ ಶ್ರುತಿ ಮಾಡಿ ಸ್ಟೇಜಿನ ದೀಪದ ಕೆಳಗೆ ನಿಂತರೆ ತಂತಿ ಹಿಗ್ಗುತ್ತದೆ, ಶ್ರುತಿ ಇಳಿಯುತ್ತದೆ. ಅದಕ್ಕೆ ಯಾವ ಕೀ ಏನು ಮಾಡೀತು?

ಇಲ್ಲಿ ಒಬ್ಬ ತಂಗಿ ಕೇಳಿದಳು: "ಸರ, ಕಿವಿ ತಿರುಗಿಸಿದ್ರ ಒಂದೀಟು ಖಾಲಿ ತಿರಗತೈತ್ರಿ. ಅದು ಕೆಟ್ಟಂಗ ಅಲ್ಲೇನ್ರಿ?" ಒಳ್ಳೆಯ ಪ್ರಶ್ನೆ. ಅದಕ್ಕೆ ಶಾಪಿನಲ್ಲಿ ಪ್ಲೇ ಅನ್ನುತ್ತೇವೆ. ವರ್ಮ್ ಮತ್ತು ಚಕ್ರದ ಹಲ್ಲುಗಳ ನಡುವೆ ಕೂದಲೆಳೆಯ ಜಾಗ ಇರಲೇಬೇಕು, ಇಲ್ಲದಿದ್ದರೆ ತಿರುಗುವುದೇ ಇಲ್ಲ. ತಂತಿ ಎಳೆಯುತ್ತಿರುವಾಗ ಹಲ್ಲು ಒಂದೇ ಕಡೆ ಒತ್ತಿಕೊಂಡಿರುತ್ತದೆ. ನೀವು ಮೇಲಕ್ಕೆ ಏರಿಸುತ್ತಾ ಬಂದು ನಿಲ್ಲಿಸಿದರೆ ಅದು ಗಟ್ಟಿ ಕೂತಿರುತ್ತದೆ. ಇಳಿಸುತ್ತಾ ಬಂದು ನಿಲ್ಲಿಸಿದರೆ ಹಲ್ಲು ನಡುನೀರಿನಲ್ಲಿ ನಿಂತಿರಬಹುದು, ತಂತಿಯೂ ನಟ್ಟಿನಲ್ಲಿ ಸಿಕ್ಕಿರಬಹುದು. ಎರಡು ಸ್ವರ ನುಡಿಸುವಷ್ಟರಲ್ಲಿ ಕುಸಿಯುತ್ತದೆ. ಆದ್ದರಿಂದ ಶ್ರುತಿ ದಾಟಿ ಮೇಲೆ ಹೋದರೆ ಬೇಕಾದ್ದಕ್ಕಿಂತ ಕೆಳಗೆ ಇಳಿಸಿ, ಮತ್ತೆ ಏರಿಸುತ್ತಾ ಬನ್ನಿ. ಕೆಳಗಿನಿಂದ ಮೇಲಕ್ಕೆ, ಯಾವಾಗಲೂ. ಪ್ಲೇ ಇರುವ ಹಳೆಯ ಕೀಯಲ್ಲೂ ಹೀಗೆ ಮಾಡಿದರೆ ವರ್ಷಗಟ್ಟಲೆ ನುಡಿಸಬಹುದು.

ಪ್ಲೇ ಒಮ್ಮೆಲೇ ಜಾಸ್ತಿಯಾದರೆ ಹಿಂದುಗಡೆ ಚಕ್ರದ ನಡುವಿನ ಸ್ಕ್ರೂ ನೋಡಿ. ತಂತಿ ಸಡಿಲಿಸಿ, ಸ್ಕ್ರೂ ಬಿಗಿ ಮಾಡಿ, ಕಿವಿ ತಿರುಗಿಸಿ ನೋಡಿ. ಭಾರ ಅನಿಸಿದರೆ ಒಂದು ಕೂದಲಷ್ಟು ಹಿಂದಕ್ಕೆ ಬನ್ನಿ. ಕೆಲವು ಕೀಗಳಲ್ಲಿ ಕಿವಿಯ ತುದಿಯಲ್ಲೂ ಒಂದು ಸಣ್ಣ ಸ್ಕ್ರೂ ಇರುತ್ತದೆ. ಕಿವಿ ಎಷ್ಟು ಬಿಗಿಯಾಗಿ ತಿರುಗಬೇಕು ಅನ್ನುವುದು ಅದರ ಕೈಯಲ್ಲಿದೆ. ಅದು ಜೋರಿಗೆ ಕಟ್ಟುವ ಸ್ಕ್ರೂ ಅಲ್ಲ.

ಈಗ ನನ್ನದೇ ಒಂದು ಮಾನಗೇಡಿ ಕಥೆ. ಕೆಲವು ವರ್ಷದ ಹಿಂದೆ ನನ್ನ ಬೇಸಿನಲ್ಲಿ ಒಂದೇ ಒಂದು ಸ್ವರಕ್ಕೆ ಝಿರ್ ಅಂತ ಸದ್ದು ಬರಲು ಶುರುವಾಯಿತು. ಎ ತಂತಿಯ ಮೇಲೆ ಮೂರನೇ ಫ್ರೆಟ್, ಸಿ ಸ್ವರ. ಉಳಿದದ್ದೆಲ್ಲ ಚೊಕ್ಕ. ಮೊದಲು ಆಂಪ್ಲಿಫೈಯರ್ ಮೇಲೆ ಸಂಶಯ ಬಂತು, ಸ್ಪೀಕರ್ ಬಿಚ್ಚಿ ನೋಡಿದೆವು. ಆಮೇಲೆ ಒಂದು ರಿಪೇರಿ ಅಂಗಡಿಗೆ ಕೊಟ್ಟೆ. ಅವರು ಫ್ರೆಟ್ ಎತ್ತರ ಇದೆ ಅಂತ ಅರ ಹಾಕಿ ತಿಕ್ಕಿದರು. ದುಡ್ಡು ಕೊಟ್ಟು ಮನೆಗೆ ತಂದೆ. ಝಿರ್. ಎರಡನೇ ಸಲ ಹೋದಾಗ ನೆಕ್ ಸೊಟ್ಟಾಗಿದೆ ಅಂದರು. ಅದಕ್ಕೂ ದುಡ್ಡು ಕೊಟ್ಟೆ. ಝಿರ್.

ಒಂದು ರಾತ್ರಿ ಮನೆಯಲ್ಲಿ ಎಲ್ಲರೂ ಮಲಗಿದ್ದರು. ಆಂಪ್ ಇಲ್ಲದೆ ನುಡಿಸುತ್ತಿದ್ದೆ. ತಲೆ ಕೆರೆಯುವ ಬದಲು ಸುಮ್ನೆ ಬೇಸಿನ ತಲೆ ಹಿಡಿದುಕೊಂಡೆ. ಸದ್ದು ನಿಂತಿತು! ಕೈ ಬಿಟ್ಟೆ, ಬಂತು. ಒಂದೊಂದೇ ಕೀ ಮೇಲೆ ಬೆರಳಿಟ್ಟು ನೋಡಿದೆ. ಜಿ ತಂತಿಯ ಕೀ ಮೇಲೆ ಬೆರಳಿಟ್ಟಾಗ ಸದ್ದು ಇಲ್ಲ. ಅದರ ಬುಷ್ ಸಡಿಲಾಗಿ ತೂತಿನಲ್ಲಿ ಕುಣಿಯುತ್ತಿತ್ತು. ಆ ಒಂದು ಸ್ವರಕ್ಕೆ ಮಾತ್ರ ಅದಕ್ಕೆ ಹುಕಿ ಬರುತ್ತಿತ್ತು. ಇಡೀ ದಿನ ಲೇಥ್ ಮೇಲೆ ಬುಷ್ ಕೊರೆಯುವವನು ನಾನು. ನನ್ನ ಬೇಸಿನ ಬುಷ್ ನನಗೇ ಕಾಣಲಿಲ್ಲ. ಕಾಕಾ, ನೀವು ನಗಬೇಡಿ.

ಹಾಗಾಗಿ ಎಲ್ಲೋ ಝಿರ್ ಅಂದರೆ ಮೊದಲು ಬೆರಳು, ಆಮೇಲೆ ಅರ. ಒಬ್ಬರು ಆ ಸ್ವರ ನುಡಿಸಲಿ, ಇನ್ನೊಬ್ಬರು ಕಿವಿ, ಸ್ಕ್ರೂ, ಬುಷ್ ಒಂದೊಂದಾಗಿ ಮುಟ್ಟುತ್ತಾ ಹೋಗಲಿ. ಐದು ನಿಮಿಷದ ಕೆಲಸ.

ಬುಷ್‌ನಲ್ಲಿ ಎರಡು ಜಾತಿ. ಒಂದು ಒತ್ತಿ ಕೂರಿಸಿದ್ದು. ಇನ್ನೊಂದು ಥ್ರೆಡ್ ಇರುವ, ಪಾನಾ ಹಾಕಿ ತಿರುಗಿಸುವ ಆರು ಮೂಲೆಯದು. ನಮ್ಮ ಊರಿನ ಹವೆ ಎರಡಕ್ಕೂ ಪರೀಕ್ಷೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಗೋಡೆಯೂ ಬೆವರುತ್ತದೆ, ಮರ ಉಬ್ಬುತ್ತದೆ. ಮಾರ್ಚ್ ಏಪ್ರಿಲ್‌ನಲ್ಲಿ ಒಣಗಿ ಕುಗ್ಗುತ್ತದೆ. ಲೋಹ ಇದ್ದ ಹಾಗೇ ಇರುತ್ತದೆ, ಮರ ಉಸಿರಾಡುತ್ತದೆ. ಮಳೆಗಾಲದಲ್ಲಿ ಬಿಗಿ ಮಾಡಿದ್ದು ಬೇಸಿಗೆಗೆ ಸಡಿಲ. ಅದಕ್ಕೆ ನಾನು ವರ್ಷಕ್ಕೆ ಎರಡು ಸಲ ಕೈಯಾಡಿಸುತ್ತೇನೆ, ಯುಗಾದಿಗೆ ಒಮ್ಮೆ, ದಸರೆಗೆ ಆಯುಧ ಪೂಜೆಯ ದಿನ ಒಮ್ಮೆ. ಶಾಪಿನ ಮಷಿನ್ ತೊಳೆಯುವ ದಿನವೇ ಬೇಸಿಗೂ ಸ್ನಾನ.

ಥ್ರೆಡ್ ಇರುವುದಾದರೆ ಕೈಯಲ್ಲಿ ಬಿಗಿ ಮಾಡಿ, ಆಮೇಲೆ ಪಾನಾದಿಂದ ಅರೆಪಾವು ಸುತ್ತು. ಸಾಕು. ಮೋಟಾರ್‌ಸೈಕಲ್ ನಟ್ ಅಂದುಕೊಂಡು ಎಳೆದರೆ ವಾಷರ್ ಕೆಳಗೆ ಪಾಲಿಶ್ ಸೀಳುತ್ತದೆ, ಮರ ಅಪ್ಪಚ್ಚಿಯಾಗುತ್ತದೆ. ಒತ್ತಿ ಕೂರಿಸಿದ ಬುಷ್ ಸಡಿಲಾದರೆ ಹೊರಗೆ ತೆಗೆದು ತೂತಿನ ಒಳಗೋಡೆಗೆ ಕಾಗದದ ತೆಳು ಪಟ್ಟಿಯನ್ನು ಮರದ ಗೋಂದಿನಿಂದ ಅಂಟಿಸಿ, ಒಣಗಿದ ಮೇಲೆ ಬುಷ್ ಒತ್ತಿ ಕೂರಿಸಿ. ಸೂಪರ್ ಗ್ಲೂ ಬೇಡ. ಅದು ಹರಿದು ಪಾಲಿಶ್ ಮೇಲೆ ಬಂದರೆ ಕಲೆ ಹೋಗುವುದಿಲ್ಲ. ಮುಂದೆ ಬುಷ್ ತೆಗೆಯಬೇಕಾದರೆ ಮರವೂ ಕಿತ್ತು ಬರುತ್ತದೆ. ಬಡಿಯಲಿಕ್ಕೂ ಹೋಗಬೇಡಿ. ನಾನು ಬೋಲ್ಟ್ ಮತ್ತು ಎರಡು ವಾಷರ್ ಹಾಕಿ ನಿಧಾನ ಎಳೆದು ಕೂರಿಸುತ್ತೇನೆ.

ಹಿಂದುಗಡೆ ಪ್ಲೇಟ್ ಹಿಡಿದ ಸಣ್ಣ ಸ್ಕ್ರೂಗಳದ್ದು ಇನ್ನೊಂದು ಗೋಳು. ತಿರುಗುತ್ತಲೇ ಇರುತ್ತವೆ, ಕಚ್ಚುವುದಿಲ್ಲ. ತೂತು ಅಗಲವಾಗಿದೆ. ಇದಕ್ಕೆ ದಪ್ಪ ಸ್ಕ್ರೂ ಹಾಕುವವರಿದ್ದಾರೆ. ದಯವಿಟ್ಟು ಬೇಡ, ಅದರ ತಲೆ ಪ್ಲೇಟಿನ ಕುಳಿಯಲ್ಲಿ ಕೂರುವುದಿಲ್ಲ, ಮರವೂ ಸೀಳಬಹುದು. ದೇವರ ಮನೆಗೆ ಹೋಗಿ. ಉರಿದು ಉಳಿದ ಊದುಬತ್ತಿಯ ಕಡ್ಡಿ ಇರುತ್ತದಲ್ಲ, ಬಿದಿರಿನದು? ಅದನ್ನು ತೊಳೆದು ಒಣಗಿಸಿ, ತುದಿಗೆ ಫೆವಿಕಾಲ್ ಹಚ್ಚಿ, ತೂತಿನಲ್ಲಿ ಹಿಡಿಯುವಷ್ಟು ತುರುಕಿ. ಒಂದು ದಿನ ಮುಟ್ಟಬೇಡಿ. ಆಮೇಲೆ ಮಟ್ಟಕ್ಕೆ ಕತ್ತರಿಸಿ, ಸ್ಕ್ರೂವಿನ ಎಳೆ ಬಿಟ್ಟು ಅದರ ಒಳದಿಂಡಿನಷ್ಟು ದಪ್ಪದ ಬಿಟ್‌ನಿಂದ ತೂತು ಕೊರೆಯಿರಿ. ಬಿಟ್‌ಗೆ ಟೇಪ್ ಸುತ್ತಿ ಆಳದ ಗುರುತು ಮಾಡಿಕೊಳ್ಳಿ. ಬೇಸಿನ ತಲೆಯ ದಪ್ಪವೇ ಸುಮಾರು 14–15 ಮಿಲಿಮೀಟರ್. ಮೈಮರೆತರೆ ಬಿಟ್ ಮುಂದಿನಿಂದ ಇಣುಕುತ್ತದೆ.

ಸ್ಕ್ರೂ ಹಾಕುವಾಗ ಎಳೆಗೆ ಮೇಣದ ಬತ್ತಿ ತಿಕ್ಕಿ. ಸೋಪು ಹಚ್ಚುವ ಹಳೆಯ ರೂಢಿ ಇದೆ, ಆದರೆ ಸೋಪು ನೀರು ಹೀರುತ್ತದೆ. ನಮ್ಮ ಮಳೆಗಾಲಕ್ಕೆ ಅದು ತುಕ್ಕಿಗೆ ಕರೆದು ಕೊಟ್ಟ ಆಮಂತ್ರಣ. ತುಕ್ಕು ಹಿಡಿದ ಸ್ಕ್ರೂ ತೆಗೆಯಬೇಕಾದರೆ ಸೋಲ್ಡರಿಂಗ್ ಐರನ್ ತುದಿಯನ್ನು ಅದರ ತಲೆಯ ಮೇಲೆ ಅರ್ಧ ನಿಮಿಷ ಇಟ್ಟು ಬಿಸಿ ಮಾಡಿ. ಒಳಗಿನ ಹಿಡಿತ ಬಿಡುತ್ತದೆ. ಇವು ತೀರಾ ಸಣ್ಣ ಸ್ಕ್ರೂಗಳು, ಜೋರು ಮಾಡಿದರೆ ಕುತ್ತಿಗೆ ಮುರಿಯುತ್ತವೆ. ಮುರಿದ ಸ್ಕ್ರೂ ತೆಗೆಯುವುದು ಹಲ್ಲಿನ ಡಾಕ್ಟರ್ ಕೆಲಸ. ಅದಕ್ಕೆ ಕೈ ಪಳಗಿದವರ ಹತ್ತಿರವೇ ಹೋಗಿ.

ಇಲ್ಲಿಗೆ ಚಹಾ ಬಂತು. ಆ ತಂಗಿ ತಮ್ಮನ ಬೇಸ್ ಎತ್ತಿಕೊಂಡು ಹತ್ತು ನಿಮಿಷ ಚೆನ್ನಾಗಿ ಬಾರಿಸಿದಳು. ನಾವೆಲ್ಲ ಚಹಾ ಮರೆತು ಕೇಳಿದೆವು.

ಮತ್ತೆ ಕೂತ ಮೇಲೆ ಎಣ್ಣೆಯ ಮಾತು ತೆಗೆದೆ. ಹಿಂದಿನಿಂದ ಹಲ್ಲು ಕಾಣುವ ಕೀ ತೆರೆದ ಕೀ. ಅದರಲ್ಲಿ ಧೂಳು, ಬೆವರು, ಸ್ಟೇಜಿನ ಹೊಗೆ ಎಲ್ಲಾ ಕೂರುತ್ತದೆ. ಹಳೆಯ ಹಲ್ಲುಜ್ಜುವ ಬ್ರಷ್ ತಗೊಂಡು ಒಣದಾಗಿ ತಿಕ್ಕಿ. ಆಮೇಲೆ ಹೊಲಿಗೆ ಮಷಿನ್ ಎಣ್ಣೆಯನ್ನು ಸೂಜಿ ತುದಿಯಲ್ಲಿ ಅದ್ದಿ ಹಲ್ಲುಗಳು ಕೂಡುವ ಕಡೆ ಒಂದು ಹನಿ. ಕಿವಿ ನಾಲ್ಕಾರು ಸುತ್ತು ಆಡಿಸಿ, ಹೆಚ್ಚಾದ್ದನ್ನು ಬಟ್ಟೆಯಿಂದ ಒರೆಸಿ. ಡಬ್ಬಿಯಿಂದ ನೇರವಾಗಿ ಸ್ಪ್ರೇ ಹೊಡೆಯಬೇಡಿ. ಅದು ಸ್ಕ್ರೂ ತೂತಿನಲ್ಲಿ ಇಳಿದು ಮರ ನೆನೆಸುತ್ತದೆ, ನಾಳೆ ಗೋಂದು ಹಚ್ಚಿದರೂ ಹಿಡಿಯುವುದಿಲ್ಲ. ಪೂರ್ತಿ ಮುಚ್ಚಿದ ಕೀಯಲ್ಲಿ ಕಾರ್ಖಾನೆಯಲ್ಲೇ ಗ್ರೀಸ್ ತುಂಬಿರುತ್ತಾರೆ. ಅದನ್ನು ಅದರ ಪಾಡಿಗೆ ಬಿಡಿ.

ಒಬ್ಬರ ಕೀ ಚಳಿಗಾಲದ ಬೆಳಿಗ್ಗೆ ಕಲ್ಲಿನ ಹಾಗೆ ಬಿಗಿಯಾಗುತ್ತಿತ್ತು, ಮಧ್ಯಾಹ್ನಕ್ಕೆ ತಾನೇ ಸರಿಹೋಗುತ್ತಿತ್ತು. ದೆವ್ವ ಹೊಕ್ಕಿದೆ ಅನ್ನುವುದೊಂದು ಬಾಕಿ. ಬಿಚ್ಚಿ ಮೂಸಿದೆ. ಕೊಬ್ಬರಿ ಎಣ್ಣೆ! ಡಿಸೆಂಬರಿನಲ್ಲಿ ಬೆಳಗಾವಿಯಲ್ಲಿ ತಲೆಗೆ ಹಚ್ಚುವ ಬಾಟಲಿ ಏನಾಗುತ್ತದೆ ಅಂತ ಎಲ್ಲರಿಗೂ ಗೊತ್ತು. ಅದು ಸುಮಾರು 24 ಡಿಗ್ರಿಗೇ ಗಟ್ಟಿಯಾಗಲು ಶುರು. ಗೇರಿನೊಳಗೂ ಹಾಗೇ ಗಟ್ಟಿಯಾಗುತ್ತಿತ್ತು. ಅಡುಗೆಮನೆಯ ಯಾವ ಎಣ್ಣೆಯೂ ಬೇಡ, ಕಾಲ ಕಳೆದಂತೆ ಎಲ್ಲವೂ ಅಂಟಾಗುತ್ತವೆ.

ಹುಣಸೆಹಣ್ಣಿನ ಕಥೆಯೂ ಇದೆ. ಅದು ನಮ್ಮ ಮನೆಯದೇ. ದೀಪಾವಳಿಗೆ ನಮ್ಮವ್ವ ಹಿತ್ತಾಳೆ ಸಮೆ, ತಂಬಿಗೆ ಎಲ್ಲಾ ತೊಳೆಯಲು ಕೂತಿದ್ದಳು. ಬಿಚ್ಚಿಟ್ಟಿದ್ದ ನನ್ನ ನಾಲ್ಕು ಕೀಗಳನ್ನೂ ಪ್ರೀತಿಯಿಂದ ಹುಣಸೆಹಣ್ಣಿನಲ್ಲಿ ತಿಕ್ಕಿದಳು. ಬರೀ ಹಿತ್ತಾಳೆಯ ಕಿಲುಬಿಗೆ ಅದು ಸರಿ. ಆದರೆ ಕೀ ಮೇಲೆ ಇರುವುದು ತೆಳ್ಳನೆಯ ನಿಕ್ಕಲ್ ಅಥವಾ ಕ್ರೋಮ್ ಲೇಪ. ಹುಳಿ ಮತ್ತು ತೆಂಗಿನ ನಾರು ಸೇರಿ ಅದನ್ನು ಅಲ್ಲಲ್ಲಿ ಕಿತ್ತು ಹಾಕಿದವು. "ಹೆಂಗ ಹೊಳ್ಯಾಕತ್ತಾವ ನೋಡೋ" ಅಂದಳು. ಏನು ಹೇಳಲಿ? ಆ ಕೀಗಳು ಈಗಲೂ ಇವೆ, ಅರ್ಧ ಬೆಳ್ಳಿ ಅರ್ಧ ಬಂಗಾರ. ನೀವು ಮಾತ್ರ ಮೆತ್ತನೆಯ ಒಣ ಬಟ್ಟೆಯಲ್ಲಿ ಒರೆಸಿ.

ಬೇಸ್ ಬಿದ್ದು ಕಿವಿ ಬಾಗಿದರೆ ಏನು ಮಾಡಬೇಕು? ಗೋಡೆಗೆ ಒರಗಿಸಿಟ್ಟ ಬೇಸ್ ಇವತ್ತಲ್ಲ ನಾಳೆ ಬೀಳುತ್ತದೆ. ಇಲ್ಲಿ ಲೋಹ ಯಾವುದು ಅನ್ನುವುದು ಮುಖ್ಯ. ಕಾಣದ ಕಡೆ ಅರದಿಂದ ಸಣ್ಣಗೆ ಗೀರಿ ನೋಡಿ. ಹಳದಿ ಕಂಡರೆ ಹಿತ್ತಾಳೆ. ಬೂದು ಬಿಳಿ ಕಂಡು, ಅಯಸ್ಕಾಂತವೂ ಹಿಡಿಯದಿದ್ದರೆ ಸತುವಿನ ಎರಕ ಇರಬೇಕು. ಉದ್ಯಮಬಾಗದ ಫೌಂಡ್ರಿಯವರಿಗೆ ಮುಂದಿನದನ್ನು ಹೇಳಬೇಕಾಗಿಲ್ಲ. ಹಿತ್ತಾಳೆ ಬಾಗುತ್ತದೆ, ತಿರುಗಿ ಬಾಗುತ್ತದೆ. ಸತು ಒಮ್ಮೆ ಬಾಗಿದ್ದೇ ದೊಡ್ಡದು, ವಾಪಸ್ ಬಾಗಿಸಲು ಹೋದರೆ ಬಿಸ್ಕತ್ತಿನಂತೆ ಮುರಿಯುತ್ತದೆ. ಹಿತ್ತಾಳೆ ಇದ್ದರೆ ಕೀಯನ್ನು ಬೇಸಿನಿಂದ ಬಿಚ್ಚಿ, ವೈಸಿನಲ್ಲಿ ಎರಡು ಮರದ ತುಂಡಿನ ನಡುವೆ ಹಿಡಿದು ಸ್ವಲ್ಪ ಸ್ವಲ್ಪವೇ ನೆಟ್ಟಗೆ ಮಾಡಿ. ಬೇಸಿನ ಮೇಲೇ ಇಟ್ಟು ಪಕ್ಕಡ್ ಹಾಕಿ ಎಳೆದರೆ ಸ್ಕ್ರೂಗಳೂ ಮರವೂ ಕಿತ್ತು ಬರುತ್ತವೆ. ಸತುವಿನದಾದರೆ, ಬಾಗಿದ್ದು ತಿರುಗುತ್ತಿದೆಯಾ? ಹಾಗೇ ಬಿಡಿ. ಸೊಟ್ಟ ಕಿವಿಯಿಂದ ಸ್ವರ ಸೊಟ್ಟಾಗುವುದಿಲ್ಲ.

ಮುಂದಿನ ಸಾಲಿನಿಂದ ಒಬ್ಬರು "ನೀವ ಲೇಥಿನ್ಯಾಗ ಹೊಸಾ ಗೇರ್ ಮಾಡಿಕೊಡ್ರಲಾ" ಅಂದರು. ಒಮ್ಮೆ ಮಾಡಿದ್ದೇನೆ. ಚಟಕ್ಕೆ. ವರ್ಮ್ ಉಕ್ಕಿನದು, ಚಕ್ರ ಗನ್‌ಮೆಟಲ್. ನಮ್ಮ ದೊಡ್ಡ ಗೇರ್‌ಬಾಕ್ಸ್‌ಗಳಲ್ಲೂ ಇದೇ ನಿಯಮ, ಗಟ್ಟಿ ಲೋಹಕ್ಕೆ ಮೆತ್ತನೆಯ ಜೋಡಿ ಇದ್ದರೆ ಎರಡೂ ಕಚ್ಚಿಕೊಳ್ಳುವುದಿಲ್ಲ. ಎರಡು ಭಾನುವಾರ ಹೋದವು. ಚೆನ್ನಾಗಿ ಬಂತು, ಸುಳ್ಳು ಹೇಳುವುದಿಲ್ಲ. ಕೂಲಿ ಹಿಡಿದರೆ ಅದೇ ದುಡ್ಡಿಗೆ ನಾಲ್ಕು ಹೊಸ ಕೀ ಬರುತ್ತಿದ್ದವು.

ಹಲ್ಲು ನಿಜವಾಗಿ ಸವೆದಿದ್ದರೆ, ಮುರಿದಿದ್ದರೆ, ಹೊಸದೇ ಹಾಕಿ. ಆದರೆ ಫೋಟೋ ನೋಡಿ ತರಿಸಬೇಡಿ. ಮರದ ತೂತಿನ ಅಗಲ, ಕಂಬದ ದಪ್ಪ, ಸ್ಕ್ರೂಗಳ ಜಾಗ ಇವನ್ನು ವರ್ನಿಯರ್‌ನಿಂದ ಅಳೆಯಿರಿ. ಒಂದೇ ಸಾಲಿನಲ್ಲಿ ನಾಲ್ಕು ಇದೆಯೋ, ಎರಡು ಆ ಕಡೆ ಎರಡು ಈ ಕಡೆ ಇದೆಯೋ ನೋಡಿ. ಎರಡು ಕಡೆಯದಾದರೆ ಎಡ ಬಲ ಬೇರೆ ಬೇರೆ. ತೂತು ದೊಡ್ಡದಿದ್ದು ಕಂಬ ಸಣ್ಣದಾದರೆ ನಡುವೆ ಹಾಕುವ ಬುಷ್ ಸಿಗುತ್ತದೆ. ಉಲ್ಟಾ ಆದರೆ ಮರ ಕೊರೆಯಬೇಕು, ಅದು ವಾಪಸ್ ಬರದ ದಾರಿ.

ತೂಕವನ್ನೂ ಯೋಚಿಸಿ. ನಿಮ್ಮ ಬೇಸ್ ಬೆಲ್ಟ್ ಹಾಕಿಕೊಂಡು ಕೈ ಬಿಟ್ಟರೆ ತಲೆ ಕೆಳಗೆ ಬೀಳುತ್ತದಾ? ತುದಿಯಲ್ಲಿ ಕೂತ ನಾಲ್ಕು ಭಾರದ ಕೀಗಳೂ ಅದಕ್ಕೆ ಒಂದು ಕಾರಣ. ಹಗುರ ಕೀ ಹಾಕಿದರೆ ಭುಜಕ್ಕೆ ಆರಾಮ. ಹಿಪ್‌ಶಾಟ್ ಕಂಪನಿಯ ಎಕ್ಸ್‌ಟೆಂಡರ್ ಅಂತ ಒಂದು ಕೀ ಇದೆ. ಅದರ ಲಿವರ್ ಒತ್ತಿದರೆ ಇ ತಂತಿ 41 ಹರ್ಟ್ಜ್‌ನಿಂದ ಸುಮಾರು 37ಕ್ಕೆ ಇಳಿದು ಡಿ ಆಗುತ್ತದೆ, ಮತ್ತೆ ತಿರುಗಿಸಿದರೆ ತನ್ನ ಜಾಗಕ್ಕೆ. ಆಸೆ ಇದ್ದವರು ನೋಡಿ. ಇನ್ನು ಸ್ಟೈನ್‌ಬರ್ಗರ್ ಥರದ ತಲೆಯೇ ಇಲ್ಲದ ಬೇಸ್ ಇದ್ದರೆ ಕೀಗಳೆಲ್ಲ ಬಾಲದ ಕಡೆ. ಅದರ ಕಥೆ ಬೇರೆ, ಮತ್ತೊಂದು ಮಳೆಗೆ ಇಟ್ಟುಕೊಳ್ಳೋಣ.

ಈಗ ತಮ್ಮನ ಬೇಸ್. ತನ್ನಿ ಇಲ್ಲಿ. ಕ್ಲಿಪ್ ಹಚ್ಚಿ ನೋಡಿದರೆ ಇ ತಂತಿ ಇಳಿದಿದೆ, ಚೆನ್ನಾಗೇ ಇಳಿದಿದೆ. ಹಿಂದೆ ಗೇರಿನ ಮೇಲಿನ ಗೆರೆ ನೋಡಿ, ಪ್ಲೇಟಿನ ಗೆರೆಗೆ ಸರಿಯಾಗಿ ಕೂಡಿದೆ. ಒಂದು ಎಳೆಯಷ್ಟೂ ಸರಿದಿಲ್ಲ. ಈಗ ಮುಂದೆ ತಿರುಗಿಸುತ್ತೇನೆ. ತಂತಿಯ ಮೇಲಿನ ಗೆರೆ ಎಲ್ಲಿದೆ? ಕಂಬದಿಂದ ಇಷ್ಟು ದೂರ ಬಂದು ನಿಂತಿದೆ. ತಂತಿ ಕಂಬದ ಮೇಲೆ ಅರ್ಧ ಸುತ್ತೂ ಇಲ್ಲ, ತುದಿ ತೂತಿನಲ್ಲಿ ಇಳಿದೇ ಇಲ್ಲ. ಸೀಳಿನಲ್ಲಿ ಸುಮ್ನೆ ಮಲಗಿಸಿದ್ದಾರೆ.

"ಹಂಗಾರ ಕೀ ಛಲೋ ಐತೇನ್ರಿ ಅಣ್ಣಾ?" ಅಂದ.

"ಕೀಗೆ ಏನೂ ಆಗಿಲ್ಲ. ಒಂದು ಹೊಸ ತಂತಿ ತಗೋ, ಇಬ್ಬರೂ ಕೂಡಿ ಸುತ್ತೋಣ."

ಅವನ ಮುಖ ಸಣ್ಣದಾಯಿತು. ಬ್ಯಾಗಿನಿಂದ ಒಂದು ಡಬ್ಬಿ ತೆಗೆದ. ನಾಲ್ಕು ಹೊಸ ಕೀ, ನಿನ್ನೆ ಕೊರಿಯರ್‌ನಲ್ಲಿ ಬಂದಿವೆಯಂತೆ. ಮೇಲಿನ ಚೀಟಿ ಓದಿದೆ. ಎರಡು ಆ ಕಡೆ, ಎರಡು ಈ ಕಡೆಯ ಸೆಟ್. ಅವನ ಬೇಸಿನಲ್ಲಿ ನಾಲ್ಕೂ ಒಂದೇ ಸಾಲಿನಲ್ಲಿವೆ.

ಡಬ್ಬಿಯ ಟೇಪ್ ಇನ್ನೂ ಹರಿದಿರಲಿಲ್ಲ. ಹರಿಯಬೇಡ ಅಂದೆ.